ಅಣ್ಣನ ಮಜ್ಜೆ, ತಂಗಿಯ ರಕ್ತ

ಬೆಳಗ್ಗೆ ಹಲ್ಲುಜ್ಜುವಾಗ ಒಸಡಿನಿಂದ ರಕ್ತ ಬಂದರೆ ನಮ್ಮಲ್ಲಿ ಯಾರೂ ವೈದ್ಯರ ಬಳಿಗೆ ಓಡುವುದಿಲ್ಲ. ಬ್ರಷ್ ಗಡುಸಾಯಿತು ಎನ್ನುತ್ತೇವೆ, ಉಪ್ಪುನೀರು ಮುಕ್ಕಳಿಸುತ್ತೇವೆ, ಸುಮ್ಮನಾಗುತ್ತೇವೆ. ಕೆಲವು ವರ್ಷಗಳ ಹಿಂದೆ ನನ್ನ ಶಾಪಿಗೆ ಬಂದ ಹದಿನೇಳರ ಹುಡುಗಿಯ ಮನೆಯವರೂ ಹೀಗೆಯೇ ಮೂರು ವಾರ ಕಳೆದಿದ್ದರು. ಪಿ.ಯು.ಸಿ. ಎರಡನೆಯ ವರ್ಷದ ಹುಡುಗಿ. ಮುಖ ಬಿಳಿಚಿಕೊಂಡಿತ್ತು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. "ಓದಿ ಓದಿ ಹಿಂಗಾಗವಳೆ, ಒಂದು ಟಾನಿಕ್ ಬರ್ಕೊಡಿ ಡಾಕ್ಟ್ರೇ" ಎಂದರು ತಾಯಿ. ಲಂಗ ಸ್ವಲ್ಪ ಮೇಲೆತ್ತಿಸಿ ಕಾಲು ನೋಡಿದೆ. ರಾಗಿ ಕಾಳು ಚೆಲ್ಲಿದ ಹಾಗೆ ಕೆಂಪು ಚುಕ್ಕೆಗಳು. ಬೆರಳಿನಿಂದ ಒತ್ತಿದರೂ ಅವು ಮಾಸಲಿಲ್ಲ. ಟಾನಿಕ್ ಬರೆಯದೆ ರಕ್ತಪರೀಕ್ಷೆಗೆ ಬರೆದುಕೊಟ್ಟೆ.

ಈ ಮನೆಯ ಕಥೆಯನ್ನು ಅವರ ಒಪ್ಪಿಗೆ ಪಡೆದು, ಗುರುತು ಮರೆಸಿ ಇಲ್ಲಿ ಬರೆಯುತ್ತಿದ್ದೇನೆ. ರೋಗದ ಬಗ್ಗೆ ಹೇಳುವುದಷ್ಟೇ ನನ್ನ ಉದ್ದೇಶವಲ್ಲ. ಇಂಥ ಸಂದರ್ಭದಲ್ಲಿ ಮನೆಮಂದಿಯ ಕಣ್ಣೆಲ್ಲ ರೋಗಿಯ ಮೇಲಿರುತ್ತದೆ. ಕೊಡುವವರ ಕಡೆ ತಿರುಗಿ ನೋಡುವವರು ಕಡಿಮೆ. ನಾವು ವೈದ್ಯರೂ ಇದಕ್ಕೆ ಹೊರತಲ್ಲ.

ಸಂಜೆ ವರದಿ ಬಂತು. ಹಿಮೋಗ್ಲೋಬಿನ್ 5.6 ಗ್ರಾಂ. ಬಿಳಿಯ ರಕ್ತಕಣಗಳು 1,100. ಕನಿಷ್ಠ ನಾಲ್ಕು ಸಾವಿರವಾದರೂ ಇರಬೇಕಿತ್ತು. ಪ್ಲೇಟ್‌ಲೆಟ್ ಎಂದು ಡೆಂಗಿ ಜ್ವರದ ದಿನಗಳಲ್ಲಿ ನೀವೆಲ್ಲ ಕೇಳಿರುವ ಕಿರುಬಿಲ್ಲೆಗಳು ಒಂದೂವರೆ ಲಕ್ಷಕ್ಕಿಂತ ಹೆಚ್ಚಿರಬೇಕಾದಲ್ಲಿ ಎಂಟು ಸಾವಿರ. ಕೆಂಪು, ಬಿಳಿ, ಬಿಲ್ಲೆ ಮೂರೂ ಒಟ್ಟಿಗೆ ಕುಸಿದಿದ್ದರೆ ತೊಂದರೆ ಅವುಗಳನ್ನು ತಯಾರಿಸುವ ಕಾರ್ಖಾನೆಯಲ್ಲಿಯೇ ಇರಬಹುದೆಂದು ಶಂಕಿಸಬೇಕು.

ಆ ಕಾರ್ಖಾನೆಯೇ ಮೂಳೆಮಜ್ಜೆ. ಸೊಂಟದ ಮೂಳೆ, ಎದೆಗೂಡಿನ ಮೂಳೆ, ಬೆನ್ನೆಲುಬಿನ ಮಣಿಗಳು ಇವುಗಳ ಒಳಗಿನ ಸ್ಪಂಜಿನಂಥ ಜಾಗದಲ್ಲಿ ಕೆಂಪಗೆ ತುಂಬಿಕೊಂಡಿರುವ ಮೆತ್ತನೆಯ ವಸ್ತು ಅದು. ಅದರೊಳಗಿನ ಆಕರಕೋಶಗಳು ತಮ್ಮನ್ನು ತಾವೇ ಹೆಚ್ಚಿಸಿಕೊಳ್ಳುತ್ತ, ದಿನಕ್ಕೆ ಕೋಟಿಗಟ್ಟಲೆ ರಕ್ತಕಣಗಳನ್ನು ಹಡೆಯುತ್ತ ಇರುತ್ತವೆ. ಇದನ್ನು ಬೆನ್ನುಹುರಿಯೊಂದಿಗೆ ಬೆರೆಸಿಕೊಳ್ಳಬೇಡಿ. ಬೆನ್ನುಹುರಿ ಎಂದರೆ ನರಗಳ ಕಟ್ಟು; ಮಜ್ಜೆಗೂ ಅದಕ್ಕೂ ಸಂಬಂಧವಿಲ್ಲ. ಈ ಒಂದು ತಪ್ಪು ತಿಳಿವಳಿಕೆಯಿಂದ "ಮಜ್ಜೆ ಕೊಟ್ಟರೆ ಕಾಲು ಬಿದ್ದುಹೋಗುತ್ತದೆ" ಎಂದು ಹೆದರಿದವರನ್ನು ನಾನು ಎಷ್ಟೋ ಮಂದಿ ಕಂಡಿದ್ದೇನೆ.

ಆ ರಾತ್ರಿ ಹುಡುಗಿಗೆ ಮೂಗಿನಿಂದ ರಕ್ತ ಸುರಿಯತೊಡಗಿತು. ಅವಳದು ಬಿ ಪಾಸಿಟಿವ್. ಅಪ್ಪನದೂ ಚಿಕ್ಕಪ್ಪನದೂ ಅದೇ ಗುಂಪು. ಇಬ್ಬರೂ ತೋಳು ಮಡಚಿ ನಿಂತರು: "ಬೇರೆಯೋರ ರಕ್ತ ಯಾಕೆ ಡಾಕ್ಟ್ರೇ, ನಮ್ಮದೇ ಕೊಡಿ." ನಾನೂ ತಲೆಯಾಡಿಸಿಬಿಟ್ಟಿದ್ದೆ. ಜಿಲ್ಲಾ ಕೇಂದ್ರದ ರಕ್ತನಿಧಿಯ ಹಿರಿಯ ವೈದ್ಯರು ಫೋನಿನಲ್ಲೇ ತಡೆದರು. ಮುಂದೆ ಮಜ್ಜೆಯ ಕಸಿ ಬೇಕಾಗಬಹುದಾದ ರೋಗಿಗೆ ಒಡಹುಟ್ಟಿದವರ, ಹೆತ್ತವರ, ಹತ್ತಿರದ ಸಂಬಂಧಿಗಳ ರಕ್ತ ಕೊಡಬಾರದು. ರೋಗಿಯ ದೇಹ ಆ ಕುಟುಂಬದ ಕಣಗಳನ್ನು ಗುರುತಿಟ್ಟುಕೊಂಡು, ನಾಳೆ ಅದೇ ಕುಟುಂಬದಿಂದ ಬಂದ ಮಜ್ಜೆಯನ್ನು ತಿರಸ್ಕರಿಸುವ ಅಪಾಯವಿದೆ. ಪುಸ್ತಕದಲ್ಲಿ ಓದಿದ್ದ ವಿಷಯವೇ, ಗಾಬರಿಯಲ್ಲಿ ಮರೆತಿದ್ದೆ. ನೀವು ನೆನಪಿಟ್ಟುಕೊಳ್ಳಿ. ಅಪ್ಪ, ಚಿಕ್ಕಪ್ಪ ರಕ್ತ ಕೊಡಲಿ, ಅದು ಬೇರೆ ರೋಗಿಗೆ ಹೋಗಲಿ. ಮಗಳಿಗೆ ಹೊರಗಿನವರದು ಬರಲಿ.

ಬೆಂಗಳೂರಿನಲ್ಲಿ ಸೊಂಟದ ಮೂಳೆಯಿಂದ ಚೂರು ತೆಗೆದು ಪರೀಕ್ಷಿಸಿದಾಗ ಕೆಂಪು ಮಜ್ಜೆ ಇರಬೇಕಾದ ಕಡೆ ಬರೀ ಕೊಬ್ಬು ತುಂಬಿತ್ತು. ಏಪ್ಲಾಸ್ಟಿಕ್ ಅನೀಮಿಯ. ಹೆಸರಿನಲ್ಲಿ ಅನೀಮಿಯ ಇದ್ದರೂ ಇದು ಸೊಪ್ಪು, ಬೆಲ್ಲ, ಕಬ್ಬಿಣದ ಮಾತ್ರೆಗೆ ಬಗ್ಗುವ ರಕ್ತಹೀನತೆಯಲ್ಲ. ಊರಲ್ಲಿ "ಬ್ಲಡ್ ಕ್ಯಾನ್ಸರ್ ಅಂತೆ" ಎಂದು ಸುದ್ದಿ ಹಬ್ಬಿತು. ಕ್ಯಾನ್ಸರ್ ಅಲ್ಲ, ಅಂಟುರೋಗವೂ ಅಲ್ಲ. ಬಹಳಷ್ಟು ಸಲ ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ತನ್ನ ಮಜ್ಜೆಯನ್ನು ತಾನೇ ನಾಶ ಮಾಡುತ್ತದೆ. ಚಿಕ್ಕ ವಯಸ್ಸಿನವರಲ್ಲಿ ರೋಗ ತೀವ್ರವಾಗಿದ್ದು, ಹೊಂದುವ ಒಡಹುಟ್ಟಿದವರು ಇದ್ದರೆ ಮಜ್ಜೆಯ ಕಸಿಯೇ ಮೊದಲ ಆಯ್ಕೆ. ಹೆಚ್ಚಿನವರು ಗುಣ ಕಾಣುತ್ತಾರೆ. ಆದರೆ ಸೋಂಕು ಹತ್ತಿಸಿಕೊಂಡು, ಹತ್ತಾರು ಬಾಟಲಿ ರಕ್ತ ಏರಿಸಿಕೊಂಡು ತಡವಾಗಿ ಬಂದವರಲ್ಲಿ ಫಲಿತಾಂಶ ಅಷ್ಟು ಚೆನ್ನಾಗಿರುವುದಿಲ್ಲ.

ಹೊಂದುವುದು ಎಂದರೇನು? ರಕ್ತದ ಗುಂಪು ಹೊಂದುವುದು ಎಂದು ಬಹುಮಂದಿ ತಿಳಿದಿದ್ದಾರೆ. ಅದಲ್ಲ. ಜೀವಕೋಶಗಳ ಮೇಲೆ ಎಚ್.ಎಲ್.ಎ. ಎಂಬ ಗುರುತುಗಳಿರುತ್ತವೆ. ಇವುಗಳ ಶೋಧಕ್ಕೆ ದಾರಿ ತೋರಿದ ಫ್ರಾನ್ಸಿನ ಜಾನ್ ದೊಸ್ಸೆಗೆ 1980ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ತಂದೆಯ ಬಳಿ ಎರಡು ಬೀಗದಕೈ ಗೊಂಚಲು, ತಾಯಿಯ ಬಳಿ ಎರಡು ಇವೆ ಎಂದುಕೊಳ್ಳಿ. ಪ್ರತಿ ಮಗುವಿಗೂ ಅಪ್ಪನದೊಂದು, ಅಮ್ಮನದೊಂದು ಸಿಗುತ್ತದೆ. ಹೀಗೆ ನಾಲ್ಕು ಬಗೆಯ ಜೋಡಿಗಳಾಗಬಹುದು. ಒಬ್ಬ ಮಗುವಿನ ಜೋಡಿಯೇ ಇನ್ನೊಬ್ಬರಿಗೂ ಬಂದಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹಾಗೆಂದು ನಾಲ್ವರಿದ್ದರೆ ಒಬ್ಬರದು ಹೊಂದಿಯೇ ತೀರುತ್ತದೆ ಎಂದಲ್ಲ. ಐವರಿದ್ದೂ ಯಾರದೂ ಹೊಂದದ ಮನೆಗಳಿವೆ, ಇರುವ ಒಬ್ಬ ತಮ್ಮನದೇ ಹೊಂದಿದ ಮನೆಗಳೂ ಇವೆ. ತಂದೆತಾಯಿಯದು ಸಾಮಾನ್ಯವಾಗಿ ಅರ್ಧ ಮಾತ್ರ ಹೊಂದುತ್ತದೆ. ಅರ್ಧ ಹೊಂದಿಕೆಯಲ್ಲೂ ಕಸಿ ಮಾಡುವ ವಿಧಾನಗಳು ಈಗ ಸುಧಾರಿಸಿವೆ. ಸಂಬಂಧವಿಲ್ಲದ ದಾನಿಗಳನ್ನು ಹುಡುಕಿಕೊಡುವ ನೋಂದಣಿ ಸಂಸ್ಥೆಗಳೂ ಇವೆ. ಚೆನ್ನೈನ ದಾತ್ರಿ 2009ರಲ್ಲಿ ಆರಂಭವಾಯಿತು. ಆದರೂ ಪೂರ್ತಿ ಹೊಂದುವ ಒಡಹುಟ್ಟಿದವರಿದ್ದರೆ ವೈದ್ಯರು ಮೊದಲು ನೋಡುವುದು ಅವರನ್ನೇ.

ಈ ಮನೆಯಲ್ಲಿ ಹುಡುಗಿಗೆ ಒಬ್ಬ ಅಣ್ಣ, ಒಬ್ಬಳು ತಂಗಿ. ಅಣ್ಣನಿಗೆ ಇಪ್ಪತ್ತೈದು, ಎಲೆಕ್ಟ್ರಿಕಲ್ ಸಾಮಾನಿನ ಸಣ್ಣ ಅಂಗಡಿ, ಆಗಷ್ಟೇ ನಿಶ್ಚಿತಾರ್ಥವಾಗಿತ್ತು. ತಂಗಿಗೆ ಹತ್ತು, ಐದನೆಯ ತರಗತಿ. ವರದಿ ಬಂದಾಗ ಇಬ್ಬರದೂ ಪೂರ್ತಿ ಹೊಂದಿತ್ತು! ಅಪರೂಪದ ಅದೃಷ್ಟ. ಮನೆಯಲ್ಲಿ ಕಷ್ಟ ಶುರುವಾದದ್ದೂ ಅಲ್ಲಿಂದಲೇ.

ಭಾನುವಾರ ಸಂಜೆ ನನ್ನನ್ನು ಕರೆಸಿದರು. ಜಗಲಿಯ ಮೇಲೆ ತಾತ, ಅಜ್ಜಿ, ಅಪ್ಪ, ಚಿಕ್ಕಪ್ಪ. ಅಡುಗೆಮನೆಯ ಬಾಗಿಲಲ್ಲಿ ತಾಯಿ. ತಾತನಿಗೆ ನಾಟಿ ಔಷಧಿ ಗೊತ್ತು. ಅವರು ಬೆರಳು ಮಡಚುತ್ತ ಹೇಳಿದರು: "ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರ. ಮಜ್ಜೆ ಆದ್ಮೇಲೆ ಶುಕ್ರ, ಡಾಕ್ಟ್ರೇ. ಮಜ್ಜೆ ತೆಗೆದ್ರೆ ಹುಡುಗನ ಸಂಸಾರ ಏನಾಗ್ಬೇಕು? ಬೀಗರಿಗೆ ನಾವೇನು ಹೇಳೋದು?" ಅಜ್ಜಿ ಸೇರಿಸಿದರು: "ಚಿಕ್ಕೋಳದು ಕೊಡಿ. ಎಳೇ ಜೀವ, ಬೇಗ ತುಂಬ್ಕೊಳತ್ತೆ."

ತಾತನ ಮಾತನ್ನು ನಗೆಯಾಡಲು ನನಗೆ ಮನಸ್ಸಾಗಲಿಲ್ಲ. ಸಪ್ತಧಾತುಗಳ ಲೆಕ್ಕ ನಮ್ಮ ಹಿರಿಯರಿಗೆ ಬಾಯಿಪಾಠ. ಆದರೆ ದೇಹದೊಳಗೆ ನಡೆಯುವುದು ಬೇರೆ. ವೀರ್ಯಾಣು ಉತ್ಪತ್ತಿಯಾಗುವುದು ವೃಷಣಗಳಲ್ಲಿ. ಮೂಳೆಯೊಳಗಿನ ಮಜ್ಜೆಗೂ ಅದಕ್ಕೂ ಸಂಬಂಧವಿಲ್ಲ. ಮಜ್ಜೆ ಕೊಟ್ಟ ಗಂಡಸರಿಗೆ ಮಕ್ಕಳಾಗುತ್ತವೆ, ಹೆಂಗಸರಿಗೂ ಆಗುತ್ತವೆ. ತೆಗೆದಷ್ಟು ಮಜ್ಜೆ ಕೆಲವೇ ವಾರಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ. ಮೂತ್ರಪಿಂಡ ಕೊಟ್ಟಂತೆ ಒಂದು ಅಂಗ ಕಡಿಮೆಯಾಗುವ ಪ್ರಶ್ನೆ ಇಲ್ಲಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಕಸಿಗೆ ಮುನ್ನ ಕೊಡುವ ಪ್ರಬಲ ಔಷಧಿಗಳಿಂದ ಮಕ್ಕಳಾಗುವ ಶಕ್ತಿಗೆ ಪೆಟ್ಟು ಬೀಳುವ ಸಾಧ್ಯತೆ ಇರುವುದು ಪಡೆಯುವವರಿಗೆ. ಎಷ್ಟರ ಮಟ್ಟಿಗೆ ಎಂಬುದು ಔಷಧಿಯ ಮೇಲೆ ಅವಲಂಬಿಸಿದೆ. ಇದನ್ನು ಮೊದಲೇ ತಜ್ಞರಲ್ಲಿ ಕೇಳಿಕೊಳ್ಳಬೇಕು. ಆ ಸಂಜೆ ಜಗಲಿಯಲ್ಲಿ ಹುಡುಗನ ಸಂಸಾರದ ಬಗ್ಗೆ ಒಂದು ಗಂಟೆ ಮಾತಾಯಿತು. ಹುಡುಗಿಯ ಬಗ್ಗೆ ಈ ಪ್ರಶ್ನೆ ಕೇಳಿದವರು ತಾಯಿ ಒಬ್ಬರೇ, ಅದೂ ನಾನು ಹೊರಟಾಗ ಬಾಗಿಲ ಬಳಿ ಮೆಲ್ಲಗೆ.

ಇನ್ನು ಚಿಕ್ಕವಳ ಲೆಕ್ಕ. ಕಾಗದದ ಮೇಲೆ ಬರೆದು ತೋರಿಸಿದೆ. ರೋಗಿಯ ತೂಕ 42 ಕಿಲೋ. ಅವಳಿಗೆ ಬೇಕಾಗುವ ಮಜ್ಜೆ ಕಿಲೋಗೆ ಸುಮಾರು 15 ಮಿ.ಲೀ.ನಂತೆ 600 ಮಿ.ಲೀ.ಗೂ ಹೆಚ್ಚು. ಕೊಡುವವರಿಂದ ಅವರ ತೂಕದ ಕಿಲೋಗೆ 20 ಮಿ.ಲೀ. ದಾಟುವಂತಿಲ್ಲ. ಚಿಕ್ಕವಳು 24 ಕಿಲೋ. ಎಂದರೆ 480 ಮಿ.ಲೀ. ಅವಳ ಮೈಯಲ್ಲಿರುವ ಒಟ್ಟು ರಕ್ತವೇ ಎರಡು ಲೀಟರಿಗಿಂತ ಕಡಿಮೆ. ತೆಗೆಯುವ ಮಜ್ಜೆಯಲ್ಲಿ ರಕ್ತವೇ ಬಹುಪಾಲು. ಅಂದರೆ ಹತ್ತು ವರ್ಷದ ಮಗುವಿನ ರಕ್ತದಲ್ಲಿ ಕಾಲುಭಾಗ ಹೋದಂತೆ. ಅವಳಿಗೇ ರಕ್ತ ಕೊಡಬೇಕಾಗಿ ಬರಬಹುದು. ಅಣ್ಣನ ತೂಕ 64 ಕಿಲೋ. ಅವನಿಗೆ ಅಷ್ಟು ಹೊರೆಯಲ್ಲ. ಬೇರೆ ದಾರಿಯಿಲ್ಲದಾಗ ಪುಟ್ಟ ಮಕ್ಕಳಿಂದಲೂ ಮಜ್ಜೆ ತೆಗೆಯುತ್ತಾರೆ, ಜೀವಗಳು ಉಳಿದಿವೆ. ಆದರೆ ಅಷ್ಟೇ ಚೆನ್ನಾಗಿ ಹೊಂದುವ ವಯಸ್ಕರು ಮನೆಯಲ್ಲಿರುವಾಗ ಮಗುವನ್ನು ಮುಂದೆ ಮಾಡಬಾರದು. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2010ರಲ್ಲಿ ಪ್ರಕಟಿಸಿದ ಮಾರ್ಗದರ್ಶನದಲ್ಲಿ ಇದೂ ಒಂದು ಷರತ್ತು. ಮಗುವಿಗೆ ತಿಳಿಯುವಂತೆ ಹೇಳಿ ಅದರ ಸಮ್ಮತಿ ಪಡೆಯಬೇಕೆಂಬುದು ಇನ್ನೊಂದು. ನಮ್ಮಲ್ಲಿ ಮಗುವನ್ನು ಕೇಳುವ ಪದ್ಧತಿ ಎಲ್ಲಿದೆ? ಚಿಕ್ಕವಳು "ಮೂಳೆ ತೆಗೀತಾರಂತೆ" ಎಂದು ಎಲ್ಲೋ ಕೇಳಿಸಿಕೊಂಡು, ಎರಡು ರಾತ್ರಿ ತನ್ನ ಕಾಲನ್ನು ತಾನೇ ಹಿಡಿದುಕೊಂಡು ಮಲಗಿದ್ದಳಂತೆ.

ಅಣ್ಣನನ್ನೂ ಯಾರೂ ಕೇಳಿರಲಿಲ್ಲ. ಅವನು ಕಂಬಕ್ಕೆ ಒರಗಿ ನಿಂತಿದ್ದ. ಮರುದಿನ ಒಬ್ಬನೇ ಬರುವಂತೆ ಹೇಳಿ, ಶಾಪಿನ ಬಾಗಿಲು ಹಾಕಿ ಕೂರಿಸಿಕೊಂಡೆ. ಬಹಳ ಹೊತ್ತು ಸುಮ್ಮನಿದ್ದು ಕೇಳಿದ: "ನಂಗೆ ಭಯ ಆಗ್ತದೆ ಅಂದ್ರೆ ತಪ್ಪಾ ಸಾರ್?"

ತಪ್ಪಲ್ಲ. ಏನಾಗುತ್ತದೆಂದು ಹೇಳಿದೆ, ನಿಮಗೂ ಹೇಳುತ್ತೇನೆ. ಮೊದಲು ಕೊಡುವವರ ತಪಾಸಣೆ: ರಕ್ತ, ಎದೆಯ ಎಕ್ಸ್-ರೇ, ಇ.ಸಿ.ಜಿ., ಕಾಮಾಲೆ ಮತ್ತು ಎಚ್.ಐ.ವಿ. ಪರೀಕ್ಷೆ. ರೋಗ ವಂಶಪಾರಂಪರ್ಯದ ಬಗೆಯದೆಂದು ಶಂಕೆ ಇದ್ದರೆ ಅದು ಕೊಡುವವರಲ್ಲೂ ಅಡಗಿಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ. ಕೊಡುವ ದಿನ ಪೂರ್ತಿ ಅರಿವಳಿಕೆ ಕೊಟ್ಟು ಬೋರಲು ಮಲಗಿಸಿ, ಸೊಂಟದ ಹಿಂಭಾಗದ ಮೂಳೆಯಿಂದ ದಪ್ಪ ಸೂಜಿಯಲ್ಲಿ ಸ್ವಲ್ಪಸ್ವಲ್ಪವೇ ಎಳೆಯುತ್ತಾರೆ. ಕೊಯ್ಯುವುದಿಲ್ಲ, ಹೊಲಿಗೆಯಿಲ್ಲ. ಒಂದೆರಡು ಗಂಟೆಯ ಕೆಲಸ. ಎದ್ದ ಮೇಲೆ ಕುದುರೆ ಒದ್ದ ಹಾಗೆ ಸೊಂಟ ನೋಯುತ್ತದೆ. ಕೆಲವು ದಿನಗಳಲ್ಲಿ, ಕೆಲವರಿಗೆ ಒಂದೆರಡು ವಾರಗಳಲ್ಲಿ ಇಳಿಯುತ್ತದೆ. ಹಿಮೋಗ್ಲೋಬಿನ್ ಕೊಂಚ ಇಳಿಯುವುದರಿಂದ ಕಬ್ಬಿಣದ ಮಾತ್ರೆ ಬೇಕು. ಅರಿವಳಿಕೆಯ ಅಪಾಯ ಆರೋಗ್ಯವಂತರಲ್ಲಿ ಬಹಳ ಕಡಿಮೆ, ಆದರೆ ಸೊನ್ನೆಯಲ್ಲ. ಇನ್ನೊಂದು ವಿಧಾನದಲ್ಲಿ ನಾಲ್ಕೈದು ದಿನ ಚುಚ್ಚುಮದ್ದು ಕೊಟ್ಟು ಆಕರಕೋಶಗಳನ್ನು ರಕ್ತಕ್ಕೆ ಇಳಿಸಿ, ತೋಳಿನಿಂದ ಯಂತ್ರದ ಮೂಲಕ ಸೋಸಿಕೊಳ್ಳುತ್ತಾರೆ. ಏಪ್ಲಾಸ್ಟಿಕ್ ಅನೀಮಿಯಕ್ಕೆ ಮಾತ್ರ ಮೂಳೆಯಿಂದಲೇ ತೆಗೆದ ಮಜ್ಜೆ ಮೇಲು ಎಂಬುದು ತಜ್ಞರ ಅಭಿಪ್ರಾಯ. ಮುಂದೆ ಹೇಳುವ ಒಂದು ತೊಡಕು ಅದರಲ್ಲಿ ಕಡಿಮೆ.

ಕೊನೆಗೆ ಅವನಿಗೆ ಹೇಳಿದ್ದು: "ಬೇಡ ಅನ್ನಿಸಿದರೆ ಈಗ ಹೇಳು. ಮನೆಯವರಿಗೆ ನೀನು ಕಾರಣ ಕೊಡಬೇಕಾಗಿಲ್ಲ, ನಾನು ಮಾತಾಡುತ್ತೇನೆ. ಆದರೆ ತಂಗಿಗೆ ಔಷಧಿ ಶುರುವಾದ ಮೇಲೆ ಬೇಡ ಅನ್ನುವ ಹಾಗಿಲ್ಲ." ಇದು ಬೆದರಿಕೆಯಲ್ಲ, ವಾಸ್ತವ. ಕಸಿಯ ಮುಂಚಿನ ದಿನಗಳಲ್ಲಿ ಕೊಡುವ ಔಷಧಿಗಳು ರೋಗಿಯ ರಕ್ಷಣಾ ವ್ಯವಸ್ಥೆಯನ್ನು ಅಳಿಸಿಹಾಕುತ್ತವೆ. ಆಗ ಕೊಡುವವರು ಹಿಂದೆ ಸರಿದರೆ ರೋಗಿಯ ಜೀವಕ್ಕೇ ಅಪಾಯ. ಹುಡುಗ ಎರಡು ದಿನ ಕೇಳಿಕೊಂಡ. ಮೂರನೆಯ ದಿನ ಭಾವೀ ಮಾವನನ್ನೇ ಕರೆದುಕೊಂಡು ಬಂದ. ಹುಡುಗನ ಅನುಮತಿ ಪಡೆದು ಅವರಿಗೂ ಇದನ್ನೆಲ್ಲ ವಿವರಿಸಿದೆ. ಅವರು ಎಲ್ಲ ಕೇಳಿಸಿಕೊಂಡು, "ಮಗಳನ್ನ ಕೇಳ್ದೆ. 'ತಂಗಿಗೇ ಕೊಡ್ದೋನು ನಂಗೇನು ಕೊಟ್ಟಾನು' ಅಂದ್ಲು" ಎಂದು ನಕ್ಕರು. ಮದುವೆ ಆರು ತಿಂಗಳು ಮುಂದೆ ಹೋಯಿತು, ಅಷ್ಟೇ.

ಆದರೆ ಆ ಕಡೆ ಚಿಕ್ಕವಳು ಮುಖ ಊದಿಸಿಕೊಂಡಿದ್ದಳು. "ನಂದು ಯಾಕೆ ಬೇಡ?"

ಕಸಿ ಎಂದರೆ ದೊಡ್ಡ ಶಸ್ತ್ರಕ್ರಿಯೆ ಎಂದು ಮನೆಯವರು ಎಣಿಸಿದ್ದರು. ಬೆಳಗ್ಗೆ ಅಣ್ಣನಿಂದ ತೆಗೆದ ಮಜ್ಜೆ ಮಧ್ಯಾಹ್ನ ರಕ್ತದ ಚೀಲದಂಥದೇ ಚೀಲದಲ್ಲಿ ಬಂದು, ಕುತ್ತಿಗೆಯ ಬಳಿಯ ನಳಿಕೆಯಿಂದ ತಂಗಿಯ ರಕ್ತಕ್ಕೆ ತೊಟ್ಟುತೊಟ್ಟಾಗಿ ಇಳಿಯಿತು. ಆಕರಕೋಶಗಳು ರಕ್ತದಲ್ಲಿ ಹರಿದು ತಾವಾಗಿಯೇ ಮೂಳೆಯೊಳಗಿನ ಜಾಗ ಹುಡುಕಿಕೊಳ್ಳುತ್ತವೆ. ಕಷ್ಟವಿರುವುದು ಆಮೇಲಿನ ಕಾಯುವಿಕೆಯಲ್ಲಿ. ಹೊಸ ಮಜ್ಜೆ ಬೇರೂರಲು ಎರಡರಿಂದ ನಾಲ್ಕು ವಾರ ಬೇಕು. ಅಲ್ಲಿಯವರೆಗೆ ಸಣ್ಣ ಸೋಂಕೂ ಮಾರಕ. ಪ್ರತ್ಯೇಕ ಕೋಣೆ, ಬಿಸಿ ಅಡುಗೆ, ಒಬ್ಬರೇ ಒಳಗೆ. ತಾಯಿ ತಂದಿದ್ದ ದೇವರ ಹೂವನ್ನೂ ಒಳಗೆ ಬಿಡಲಿಲ್ಲ. ಹದಿನೆಂಟನೆಯ ದಿನ ಬಿಳಿಯ ಕಣಗಳು ಏರತೊಡಗಿದವು.

ಐದನೆಯ ವಾರ ಹುಡುಗಿಯ ಅಂಗೈ, ಅಂಗಾಲು, ಕಿವಿಗಳ ಮೇಲೆ ಕೆಂಪು ದದ್ದು, ತುರಿಕೆ. ಅಲ್ಲಿಯ ವೈದ್ಯರು, "ಅಣ್ಣನ ಕಣಗಳು ಇವಳ ಚರ್ಮದ ಮೇಲೆ ತಿರುಗಿಬಿದ್ದಿವೆ" ಎಂದು ವಿವರಿಸಿದರಂತೆ. ಹೇಳಿದ್ದು ಸರಿಯೇ. ಕೇಳಿಸಿಕೊಂಡವರಲ್ಲಿ ಅಣ್ಣನೂ ಇದ್ದ. ಆ ವಾರ ಅವನು ಸೊಂಟನೋವಿನ ನೆಪದಲ್ಲಿ ನನ್ನ ಬಳಿ ಬಂದ. ಸೊಂಟ ಸರಿಯಿತ್ತು. "ನನ್ನ ಮಜ್ಜೇಲೇ ದೋಷ ಇತ್ತಾ ಸಾರ್? ಚಿಕ್ಕವಳದೇ ಕೊಡ್ಬೇಕಿತ್ತಾ?" ಎಂದು ಕೇಳಿ ಅತ್ತುಬಿಟ್ಟ.

ಬೇರೆ ಊರಿಗೆ ವರ್ಗವಾಗಿ ಬಂದ ಪೊಲೀಸಿನವನು ಮೊದಮೊದಲು ಊರಿನವರನ್ನೇ ಅಪರಿಚಿತರೆಂದು ತಡೆದು ಕೇಳುತ್ತಾನಲ್ಲ, ಇದು ಹಾಗೆ ಎಂದೆ. ಕೊಟ್ಟವರ ಬಿಳಿಯ ಕಣಗಳಿಗೆ ರೋಗಿಯ ದೇಹ ಹೊಸದು. ಎಚ್.ಎಲ್.ಎ. ಪೂರ್ತಿ ಹೊಂದಿದರೂ ಇತರ ಸಣ್ಣಪುಟ್ಟ ಗುರುತುಗಳು ಬೇರೆ ಇರುತ್ತವೆ. ಚರ್ಮ, ಕರುಳು, ಪಿತ್ತಜನಕಾಂಗ ಈ ಮೂರರ ಮೇಲೆ ದಾಳಿ ಹೆಚ್ಚು. ಕೆಲವರಲ್ಲಿ ಇದು ತೀವ್ರವಾಗಿ ಪ್ರಾಣಕ್ಕೂ ಎರವಾಗುತ್ತದೆ. ಅದಕ್ಕಾಗಿಯೇ ಸೈಕ್ಲೋಸ್ಪೋರಿನ್‌ನಂಥ ಔಷಧಿಯನ್ನು ತಿಂಗಳುಗಟ್ಟಲೆ ತಪ್ಪದೆ ಕೊಡುತ್ತಾರೆ. ಇದು ಕೊಟ್ಟವರ ಆರೋಗ್ಯದ ದೋಷವಲ್ಲ, ಗುಣದ ದೋಷವಂತೂ ಅಲ್ಲವೇ ಅಲ್ಲ. ತಂಗಿಯ ದದ್ದು ಸ್ಟೀರಾಯ್ಡ್‌ಗೆ ಇಳಿಯಿತು.

ನನಗೆ ಗೊತ್ತಿರುವ ಇನ್ನೊಂದು ಮನೆಯಲ್ಲಿ ಹಾಗಾಗಲಿಲ್ಲ. ಲ್ಯುಕೇಮಿಯ ಇದ್ದ ಅಣ್ಣನಿಗೆ ತಮ್ಮ ಮಜ್ಜೆ ಕೊಟ್ಟ. ರೋಗ ಮರುಕಳಿಸಿ ಅಣ್ಣ ತೀರಿಕೊಂಡ. ತಿಥಿಯ ದಿನ ಯಾರೋ, "ಇವನದು ಹಿಡೀಲಿಲ್ಲ" ಎಂದರಂತೆ. ಆ ಹುಡುಗ ಎರಡು ವರ್ಷ ಸರಿಯಾಗಿ ನಿದ್ದೆ ಮಾಡಲಿಲ್ಲ. ಮರುಕಳಿಸಿದ್ದು ರೋಗಿಯ ಮೈಯಲ್ಲಿ ಉಳಿದಿದ್ದ ಕ್ಯಾನ್ಸರ್ ಕಣಗಳು, ತಮ್ಮನ ಮಜ್ಜೆಯಲ್ಲ. ಇಂಥ ಮಾತು ನಿಮ್ಮ ಮನೆಯಲ್ಲಿ ಯಾರ ಬಾಯಿಂದಲೂ ಬಾರದಂತೆ ನೋಡಿಕೊಳ್ಳಿ.

ಈ ಚಿಕಿತ್ಸೆಯ ಇತಿಹಾಸದಲ್ಲೂ ಒಡಹುಟ್ಟಿದವರೇ ತುಂಬಿದ್ದಾರೆ. 1968ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ರಾಬರ್ಟ್ ಗುಡ್ ಅವರ ತಂಡ ರೋಗನಿರೋಧ ಶಕ್ತಿಯಿಲ್ಲದೆ ಹುಟ್ಟಿದ ಕೂಸೊಂದನ್ನು ಉಳಿಸಿದ್ದು ಅದರ ಪುಟ್ಟ ಅಕ್ಕನ ಮಜ್ಜೆಯಿಂದ. ನಮ್ಮ ದೇಶದಲ್ಲಿ 1983ರ ಮಾರ್ಚ್‌ನಲ್ಲಿ ಮುಂಬೈಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ ಲ್ಯುಕೇಮಿಯ ಇದ್ದ ಒಂಬತ್ತು ವರ್ಷದ ಹುಡುಗಿಗೆ ಅವಳ ಸೋದರನ ಮಜ್ಜೆ ಹಾಕಲಾಯಿತು. ವೆಲ್ಲೂರಿನಲ್ಲಿ 1986ರಲ್ಲಿ ಈ ಚಿಕಿತ್ಸೆ ಶುರುವಾಯಿತು. 1990ರಲ್ಲಿ ಡಾನಲ್ ಥಾಮಸ್ ಅವರಿಗೆ ಇದಕ್ಕಾಗಿ ನೊಬೆಲ್ ಬಂತು. ವೈದ್ಯರ ಹೆಸರುಗಳನ್ನು ನಾವು ಪರೀಕ್ಷೆಗಾಗಿ ಉರುಹೊಡೆದೆವು. ಕೊಟ್ಟ ಮಕ್ಕಳು ಆಮೇಲೆ ಹೇಗಿದ್ದರು ಎಂದು ನಮ್ಮ ತರಗತಿಯಲ್ಲಿ ಯಾರೂ ಕೇಳಲಿಲ್ಲ.

ಖರ್ಚಿನ ಮಾತು. ಲಕ್ಷಗಳಲ್ಲೇ ಆಗುತ್ತದೆ. ಕೋಲ್ ಇಂಡಿಯಾ ನೆರವಿನಿಂದ 2017ರಲ್ಲಿ ಆರಂಭವಾದ ಥಲಸ್ಸೀಮಿಯ ಬಾಲ ಸೇವಾ ಯೋಜನೆಯಲ್ಲಿ ಆಯ್ದ ಆಸ್ಪತ್ರೆಗಳಲ್ಲಿ ಕಸಿಗೆ ಹತ್ತು ಲಕ್ಷ ರೂಪಾಯಿವರೆಗೆ ನೆರವು ನಿಗದಿಯಾಯಿತು. ಅನಂತರ ಏಪ್ಲಾಸ್ಟಿಕ್ ಅನೀಮಿಯವನ್ನೂ ಸೇರಿಸಲಾಯಿತು. ವಯಸ್ಸು, ಆದಾಯದ ಷರತ್ತುಗಳಿವೆ. ಕಸಿ ಮಾಡುವ ಆಸ್ಪತ್ರೆಯ ಸಮಾಜಕಾರ್ಯ ವಿಭಾಗದಲ್ಲಿ ಮೊದಲ ದಿನವೇ ವಿಚಾರಿಸಿ, ಹೊಲ ತೋಟ ಮಾರುವ ಮುಂಚೆ.

ಈ ಹುಡುಗಿಯ ರಕ್ತದ ಗುಂಪು ಈಗ ಬಿ ಪಾಸಿಟಿವ್ ಅಲ್ಲ. ಅಣ್ಣನ ಓ ಪಾಸಿಟಿವ್. ಮಜ್ಜೆ ಯಾರದೋ ರಕ್ತವೂ ಅವರದೇ. ಹಳೆಯ ಮಜ್ಜೆಯೊಂದಿಗೆ ಚಿಕ್ಕಂದಿನ ಲಸಿಕೆಗಳ ನೆನಪೂ ಅಳಿಸಿಹೋಗುವುದರಿಂದ ಅವನ್ನೆಲ್ಲ ಹೊಸದಾಗಿ ಹಾಕಿಸಬೇಕು. ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದೊಳಗೆ ಶುರು, ದಡಾರದಂಥ ಜೀವಂತ ಲಸಿಕೆಗಳು ಎರಡು ವರ್ಷ ಕಳೆದ ಮೇಲೆ. ಅಣ್ಣನ ಮದುವೆಯಾದ ಮೂರನೆಯ ವಾರ ಅವಳು ನನ್ನ ಶಾಪಿನ ಬೆಂಚಿನ ಮೇಲೆ, ಕೈಗೂಸುಗಳನ್ನು ಎತ್ತಿಕೊಂಡ ತಾಯಂದಿರ ಸಾಲಿನಲ್ಲಿ, ಮುಖಗವಸು ಹಾಕಿಕೊಂಡು ಕುಳಿತಿದ್ದಳು. ಪಕ್ಕದಲ್ಲಿ ಚಿಕ್ಕವಳು. ಅಕ್ಕನ ಹೊಸ ಲಸಿಕೆಯ ಕಾರ್ಡನ್ನು ಯಾರ ಕೈಗೂ ಕೊಡದೆ ತಾನೇ ಹಿಡಿದುಕೊಂಡಿದ್ದಳು. ಸೂಜಿ ಕಂಡು ಅಕ್ಕ ಮುಖ ತಿರುಗಿಸಿದಾಗ, "ಏನೂ ಆಗಲ್ಲ ಕಣೇ, ಸುಮ್ನಿರು" ಎಂದಳು.